ವಿದೇಶದ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ಮಾರುವವರ ತೆರಿಗೆ ಹೊಣೆ: ಮುಂಬೈ-ಪುಣೆಯ ಕನ್ನಡಿಗ ವ್ಯಾಪಾರಿಗಳಿಗೆ ಮಾರ್ಗದರ್ಶಿ

ಡೊಂಬಿವಲಿ, ಠಾಣೆ, ಮುಲುಂಡ್, ಪಿಂಪ್ರಿ-ಚಿಂಚವಾಡಗಳ ಮನೆಗಳಿಂದಲೇ ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಕಸೂತಿ ಹಾಕಿದ ಕುರ್ತಾ, ಅಥಣಿಯಲ್ಲಿ ಹೊಲಿದ ಕೊಲ್ಹಾಪುರಿ ಚಪ್ಪಲಿಗಳನ್ನು ಲಂಡನ್ನಿಗೋ ನ್ಯೂಜೆರ್ಸಿಗೋ ಕಳುಹಿಸುವ ಕುಟುಂಬಗಳಲ್ಲಿ ‘ರಫ್ತಿಗೆ ತೆರಿಗೆ ಇಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ. ಭಾರತದ ಜಿಎಸ್‌ಟಿ ಕಾನೂನು ರಫ್ತನ್ನು ಶೂನ್ಯ ದರದ ಪೂರೈಕೆಯೆಂದು ಪರಿಗಣಿಸುತ್ತದೆ. ಆದರೆ ಸರಕು ತಲುಪುವ ದೇಶ ತನ್ನ ನೆಲದಲ್ಲಿ ಬಳಕೆಯಾಗುವ ವಸ್ತುವಿಗೆ ತನ್ನ ತೆರಿಗೆಯನ್ನು ಕೇಳಿಯೇ ಕೇಳುತ್ತದೆ. ಲಾಭದ ಮೇಲಿನ ಆದಾಯ ತೆರಿಗೆ ಇವೆರಡಕ್ಕೂ ಸೇರದ ಬೇರೆಯೇ ಲೆಕ್ಕ.

ಯಾವ ದೇಶಕ್ಕೆ ಮಾರುವುದಿದ್ದರೂ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳಬೇಕು. ಮಾರಾಟವಾಗುವ ಕ್ಷಣದಲ್ಲಿ ಸರಕು ಎಲ್ಲಿದೆ, ಭಾರತದಲ್ಲೋ ಗ್ರಾಹಕನ ದೇಶದ ಗೋದಾಮಿನಲ್ಲೋ? ಆರ್ಡರ್ ಪಡೆದದ್ದು ಅಮೆಜಾನ್, ಎಟ್ಸಿ, ಇಬೇಯಂಥ ಮಾರುಕಟ್ಟೆ ತಾಣವೋ ನಿಮ್ಮದೇ ವೆಬ್‌ಸೈಟೋ? ಪಾರ್ಸೆಲ್ಲಿನೊಳಗಿನ ವಸ್ತುವಿನ ಬೆಲೆ ಎಷ್ಟು? ತೆರಿಗೆ ಕಟ್ಟುವವರು ನೀವೋ, ತಾಣವೋ, ಗ್ರಾಹಕರೋ ಎಂಬುದು ಬಹುತೇಕ ಈ ಮೂರರಿಂದಲೇ ತೀರ್ಮಾನವಾಗುತ್ತದೆ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಾನು ಹೇಳುತ್ತೇನೆ, ಏಕೆಂದರೆ ಸರಕನ್ನು ಒಮ್ಮೆ ಹೊರದೇಶದ ಗೋದಾಮಿಗೆ ಸಾಗಿಸಿದ ಮೇಲೆ ಅಲ್ಲಿಯ ನೋಂದಣಿಯ ಹೊಣೆಯಿಂದ ನುಣುಚಿಕೊಳ್ಳುವುದು ಕಷ್ಟ.

ಮೊದಲು ಇಲ್ಲಿಯ ಕಾಗದಪತ್ರ

ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಸಂಕೇತ) ಸಂಖ್ಯೆಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಪಡೆಯಬೇಕು. ಈಗ ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆಯಾಗಿರುತ್ತದೆ. ವಿವರಗಳಲ್ಲಿ ಯಾವ ಬದಲಾವಣೆ ಇಲ್ಲದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ದೃಢೀಕರಿಸಬೇಕು. ತಪ್ಪಿದರೆ ಸಂಖ್ಯೆ ನಿಷ್ಕ್ರಿಯವಾಗಿ ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ನಿಲ್ಲುತ್ತದೆ.

ಸರಕು ಮಾರುವವರಿಗಿರುವ 40 ಲಕ್ಷ ರೂಪಾಯಿ ವಹಿವಾಟಿನ ಜಿಎಸ್‌ಟಿ ಮಿತಿ ರಫ್ತುದಾರರಿಗೆ ಸಾಮಾನ್ಯವಾಗಿ ಆಸರೆಯಾಗುವುದಿಲ್ಲ. ಕಾನೂನು ರಫ್ತನ್ನು ಅಂತರರಾಜ್ಯ ಪೂರೈಕೆ ಎಂದು ಎಣಿಸುತ್ತದೆ, ಅಂತರರಾಜ್ಯ ಪೂರೈಕೆಗೆ ನೋಂದಣಿ ಕಡ್ಡಾಯ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಸೀಮಿತ ವಿನಾಯಿತಿ ಇದೆಯಾದರೂ ನೋಂದಣಿ ಇಲ್ಲದವರಿಗೆ ಖರೀದಿಯ ಮೇಲೆ ತೆತ್ತ ತೆರಿಗೆ ಮರಳಿ ಸಿಗುವುದಿಲ್ಲ. ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರು ರಫ್ತು ಮಾಡುವಂತಿಲ್ಲವಾದ್ದರಿಂದ ಮೊದಲು ಅದರಿಂದ ಹೊರಬರಬೇಕು. ಮಹಾರಾಷ್ಟ್ರದಲ್ಲಿ ನೋಂದಾಯಿಸಿದವರು ವರ್ಷಕ್ಕೆ 2,500 ರೂಪಾಯಿ ಪ್ರೊಫೆಷನ್ ಟ್ಯಾಕ್ಸ್ ಕಟ್ಟುವುದನ್ನೂ ನೆನಪಿಡಬೇಕು.

ಊರಿನ ನಂಟು ಬಿಡದ ನಮ್ಮವರಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿ ಒಂದಿದೆ. ಜಿಎಸ್‌ಟಿ ನೋಂದಣಿ ರಾಜ್ಯವಾರು. ಮಹಾರಾಷ್ಟ್ರದ ಸಂಖ್ಯೆ ಇಟ್ಟುಕೊಂಡು ಸರಕನ್ನು ಹುಬ್ಬಳ್ಳಿಯಲ್ಲಿರುವ ಅಣ್ಣನ ಮನೆಯಲ್ಲಿ ಶೇಖರಿಸಿ ಅಲ್ಲಿಂದಲೇ ನೇರವಾಗಿ ವಿದೇಶಕ್ಕೆ ಕಳುಹಿಸುವುದಾದರೆ ಕರ್ನಾಟಕದಲ್ಲೂ ನೋಂದಣಿ ಬೇಕು. ಇಳಕಲ್ಲಿನ ನೇಕಾರರಿಂದ ಸೀರೆ ತರಿಸಿ ಪುಣೆಯಿಂದ ರವಾನಿಸುವವರಿಗೆ ಈ ತೊಡಕಿಲ್ಲ.

ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಜಿಎಸ್‌ಟಿ ತಾಣದಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಸಲ್ಲಿಸಬೇಕು. ಅದರ ಅವಧಿ ಆ ಹಣಕಾಸು ವರ್ಷಕ್ಕೆ ಮಾತ್ರವಾದ್ದರಿಂದ ಪ್ರತಿ ಏಪ್ರಿಲ್‌ನ ಮೊದಲ ಪಾರ್ಸೆಲ್ ಹೊರಡುವ ಮುನ್ನವೇ ಹೊಸದಾಗಿ ಸಲ್ಲಿಸುವುದು ಕ್ಷೇಮ. ಬಿಲ್ಲಿನ ದಿನಾಂಕದಿಂದ 3 ತಿಂಗಳೊಳಗೆ ಸರಕು ದೇಶದಿಂದ ಹೊರಹೋಗದಿದ್ದರೆ ತೆರಿಗೆಯನ್ನು ಬಡ್ಡಿಸಹಿತ ಕಟ್ಟಬೇಕಾಗುತ್ತದೆ. ಖರೀದಿಯ ಮೇಲೆ ತೆತ್ತು ಉಳಿದಿರುವ ತೆರಿಗೆಯನ್ನು ಆರ್‌ಎಫ್‌ಡಿ-01 ನಮೂನೆಯಲ್ಲಿ 2 ವರ್ಷದೊಳಗೆ ಮರಳಿ ಕೇಳಬಹುದು. ಎಲ್‌ಯುಟಿ ಬೇಡವೆನ್ನುವವರು ಐಜಿಎಸ್‌ಟಿ (ಅಂತರರಾಜ್ಯ ಪೂರೈಕೆಯ ಜಿಎಸ್‌ಟಿ) ಕಟ್ಟಿ ರಫ್ತು ಮಾಡಿ ಆಮೇಲೆ ಮರುಪಾವತಿ ಪಡೆಯಬಹುದು. ಕೈಯಲ್ಲಿ ಬಂಡವಾಳ ಕಡಿಮೆ ಇರುವ ಸಣ್ಣ ವ್ಯಾಪಾರಿಗೆ ನಾನು ಆ ದಾರಿಯನ್ನು ಸೂಚಿಸುವುದಿಲ್ಲ.

ರವಾನೆಯಲ್ಲಿ ಒಂದು ತಪ್ಪನ್ನು ಯಾವ ಕಾರಣಕ್ಕೂ ಮಾಡಬಾರದು: ಮಾರಿದ ವಸ್ತುವನ್ನು ‘ಉಡುಗೊರೆ’ ಎಂದು ಘೋಷಿಸಿ ಕಳುಹಿಸುವುದು. ಕೊರಿಯರ್ ಮೂಲಕ ಹೋಗುವ ಮಾದರಿ ಮತ್ತು ಉಡುಗೊರೆಗಳಿಗೆ ಸಿಎಸ್‌ಬಿ-4 ಎಂಬ ಪತ್ರವಿದೆ, ವ್ಯಾಪಾರದ ಸರಕಿಗೆ ಸಿಎಸ್‌ಬಿ-5 ಇದೆ. ಅಂಚೆಯಲ್ಲಾದರೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಸಲ್ಲಿಸಬೇಕು, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಇದಕ್ಕೆ ನೆರವು ದೊರೆಯುತ್ತದೆ. ಉಡುಗೊರೆಯೆಂದು ಹೋದ ಪಾರ್ಸೆಲ್ಲಿಗೆ ರಫ್ತಿನ ಪುರಾವೆ ಇರುವುದಿಲ್ಲ, ಪುರಾವೆ ಇಲ್ಲದೆ ಶೂನ್ಯ ದರವೂ ಇಲ್ಲ, ಮರುಪಾವತಿಯೂ ಇಲ್ಲ. ಜೊತೆಗೆ ತಲುಪುವ ದೇಶದಲ್ಲಿ ಅದು ಸುಳ್ಳು ಘೋಷಣೆಯಾಗುತ್ತದೆ.

ಹಣ ಬಂದಾಗ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಅವಧಿಯೊಳಗೆ ಅದು ಭಾರತದ ಖಾತೆಗೆ ಸೇರಿರಬೇಕು, ಹಣ ಯಾವ ಕಾರಣಕ್ಕೆ ಬಂತೆಂದು ತಿಳಿಸುವ ಸರಿಯಾದ ಪರ್ಪಸ್ ಕೋಡ್ ಇರಬೇಕು, ಬ್ಯಾಂಕಿನ ಪ್ರಮಾಣಪತ್ರವನ್ನು ಆಯಾ ಬಿಲ್ಲಿನೊಡನೆ ಜೋಡಿಸಿಡಬೇಕು. ವಿದೇಶಿ ಕಂಪನಿಯಿಂದ ನೇರವಾಗಿ ಕೊಳ್ಳುವ ಜಾಹೀರಾತು, ವೆಬ್‌ಸೈಟ್ ತಂತ್ರಾಂಶದ ಮಾಸಿಕ ಬಾಡಿಗೆ ಮುಂತಾದವು ಆಮದು ಮಾಡಿಕೊಂಡ ಸೇವೆಗಳು. ಇವುಗಳ ಮೇಲೆ, ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್ ಕ್ರಮದಲ್ಲಿ ಸಾಮಾನ್ಯವಾಗಿ ಶೇ. 18ರಷ್ಟು ತೆರಿಗೆಯನ್ನು ನೀವೇ ನಗದಾಗಿ ಕಟ್ಟಿ, ಬಳಿಕ ಅದನ್ನು ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ತೆತ್ತ ತೆರಿಗೆಯ ಜಮೆ) ಆಗಿ ಪಡೆಯಬೇಕು. ತಾಣದ ಕಮಿಷನ್ನಿನ ವಿಷಯವನ್ನು ಬಿಲ್ ಕೊಟ್ಟ ಕಂಪನಿ ಯಾವ ದೇಶದ್ದೆಂದು ನೋಡಿ ನಿಮ್ಮ ಸಿಎ ಅವರೊಡನೆ ಇತ್ಯರ್ಥ ಮಾಡಿಕೊಳ್ಳಿ.

ಬ್ರಿಟನ್

ಬ್ರಿಟನ್ನಿನ ಈಗಿನ ನಿಯಮಗಳು 2021ರ ಜನವರಿ 1ರಿಂದ ಜಾರಿಯಲ್ಲಿವೆ. ನಮ್ಮ ಜಿಎಸ್‌ಟಿಯಂತೆ ಬಳಕೆಯ ಮೇಲೆ ಬೀಳುವ ತೆರಿಗೆಯಾದ ವ್ಯಾಟ್‌ನ ಸಾಮಾನ್ಯ ದರ ಅಲ್ಲಿ ಶೇ. 20. ಭಾರತದಿಂದ ಹೊರಡುವ ಪಾರ್ಸೆಲ್ಲಿನ ಸರಕಿನ ಬೆಲೆ 135 ಪೌಂಡ್ ಮೀರದಿದ್ದರೆ ವ್ಯಾಟ್ ಅನ್ನು ಮಾರಾಟದ ಸಮಯದಲ್ಲೇ ವಸೂಲಿ ಮಾಡಬೇಕು. ಮಾರುಕಟ್ಟೆ ತಾಣದ ಮೂಲಕ ಮಾರಿದರೆ ವಸೂಲಿ ಮಾಡಿ ಕಟ್ಟುವ ಹೊಣೆ ತಾಣದ್ದು. ನಿಮ್ಮ ಸ್ವಂತ ವೆಬ್‌ಸೈಟಿನಲ್ಲಿ ಬ್ರಿಟನ್ನಿನ ಮನೆಬಳಕೆಯ ಗ್ರಾಹಕರಿಗೆ ಮಾರಿದರೆ ನೀವೇ ಅಲ್ಲಿ ವ್ಯಾಟ್ ನೋಂದಣಿ ಮಾಡಿಸಬೇಕು. ಬ್ರಿಟನ್ನಿನ ಸ್ಥಳೀಯ ವ್ಯಾಪಾರಿಗಳಿಗಿರುವ 90,000 ಪೌಂಡ್ ವಹಿವಾಟಿನ ಮಿತಿ ಅಲ್ಲಿ ನೆಲೆಯಿಲ್ಲದ ವಿದೇಶಿ ಮಾರಾಟಗಾರರಿಗೆ ಇಲ್ಲ. ಮೊದಲ ಮಾರಾಟದಿಂದಲೇ ಹೊಣೆ ಆರಂಭವಾಗುತ್ತದೆ.

ಉದಾಹರಣೆಗೆ, ಚಪ್ಪಲಿಯೊಂದನ್ನು ನಿಮ್ಮ ವೆಬ್‌ಸೈಟಿನಲ್ಲಿ 60 ಪೌಂಡಿಗೆ ಮಾರಿದಿರಿ ಎನ್ನೋಣ. ಆ ಬೆಲೆಯಲ್ಲಿ ವ್ಯಾಟ್ ಸೇರಿದೆಯಾದ್ದರಿಂದ 10 ಪೌಂಡ್ ಬ್ರಿಟನ್ನಿನ ಸರ್ಕಾರದ್ದು, 50 ಪೌಂಡ್ ಮಾತ್ರ ನಿಮ್ಮದು. ಪಾವತಿ ಸಂಸ್ಥೆಯ ಶುಲ್ಕ, ಅಂಚೆ ವೆಚ್ಚ, ಚರ್ಮಕಾರನಿಗೆ ಕೊಟ್ಟ ಬೆಲೆ ಎಲ್ಲವೂ ಈ 50ರಲ್ಲೇ ಕಳೆಯಬೇಕು. ಪೂರ್ತಿ 60 ಪೌಂಡ್ ತಮ್ಮದೆಂದು ಲೆಕ್ಕ ಹಾಕಿ ಬೆಲೆ ಇಟ್ಟವರಿಗೆ ಕೊನೆಗೆ ನಷ್ಟವೇ ಗತಿ. ಮಕ್ಕಳ ಬಟ್ಟೆ ಮತ್ತು ಮುದ್ರಿತ ಪುಸ್ತಕಗಳಿಗೆ ಅಲ್ಲಿ ಶೂನ್ಯ ದರವಿರುವುದರಿಂದ ವಸ್ತುವಿನ ವರ್ಗವನ್ನೂ ಪರಿಶೀಲಿಸಿ ಬೆಲೆ ನಿಗದಿ ಮಾಡಬೇಕು.

ಬೆಲೆ 135 ಪೌಂಡ್ ದಾಟಿದರೆ ವ್ಯಾಟ್ ಮತ್ತು ಸುಂಕ ಗಡಿಯಲ್ಲಿ ಬೀಳುತ್ತವೆ. ಆಗ ಅದನ್ನು ಕಟ್ಟುವವರು ಯಾರೆಂದು ಗ್ರಾಹಕರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು; ರೇಷ್ಮೆ ಸೀರೆಗೆ ದುಡ್ಡು ಕೊಟ್ಟವರನ್ನು ಬಾಗಿಲಲ್ಲಿ ನಿಂತ ಕೊರಿಯರಿನವನು ಮತ್ತೆ ದುಡ್ಡು ಕೇಳಿದರೆ ಪಾರ್ಸೆಲ್ ಮರಳಿ ಬರುವ ಸಂಭವವೇ ಹೆಚ್ಚು. ಸರಕನ್ನು ಮೊದಲೇ ಬ್ರಿಟನ್ನಿನ ಗೋದಾಮಿಗೆ ಕಳುಹಿಸಿ ತಾಣದ ಮೂಲಕ ಮಾರಿದರೆ ಗ್ರಾಹಕರ ವ್ಯಾಟನ್ನು ತಾಣ ಕಟ್ಟುತ್ತದೆ, ಆದರೂ ಆಮದಿನ ವೇಳೆ ನೀವು ತೆತ್ತ ವ್ಯಾಟ್ ಹಿಂಪಡೆಯಲು ನಿಮ್ಮ ನೋಂದಣಿ ಮತ್ತು ಇಒಆರ್‌ಐ ಎಂಬ ಕಸ್ಟಮ್ಸ್ ಗುರುತಿನ ಸಂಖ್ಯೆ ಬೇಕು. ನೋಂದಾಯಿಸಿದವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಡಿಜಿಟಲ್ ರೂಪದಲ್ಲಿ ರಿಟರ್ನ್ ಸಲ್ಲಿಸಬೇಕು, ಮಾರಾಟ ಶೂನ್ಯವಿದ್ದರೂ ಸಲ್ಲಿಸಬೇಕು, ದಾಖಲೆಗಳನ್ನು 6 ವರ್ಷ ಕಾಯ್ದಿಡಬೇಕು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದ ಆಮದು ಸುಂಕಕ್ಕೆ ಸಂಬಂಧಿಸಿದ್ದು. ಅದರಿಂದ ವ್ಯಾಟ್ ತಪ್ಪುವುದಿಲ್ಲ.

ಯೂರೋಪ್ ಒಕ್ಕೂಟ

ಯೂರೋಪ್ ಒಕ್ಕೂಟದಲ್ಲಿ 22 ಯೂರೋವರೆಗಿನ ಪಾರ್ಸೆಲ್ಲಿಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ರಂದು ರದ್ದಾಯಿತು. ಈಗ 150 ಯೂರೋವರೆಗಿನ ಪಾರ್ಸೆಲ್ಲುಗಳಿಗೆ ಐಒಎಸ್‌ಎಸ್ ಎಂಬ ಏಕಗವಾಕ್ಷಿ ವ್ಯವಸ್ಥೆ ಇದೆ: ಒಂದೇ ದೇಶದಲ್ಲಿ ನೋಂದಾಯಿಸಿ, ಇಡೀ ಒಕ್ಕೂಟದ ಮಾರಾಟದ ವ್ಯಾಟನ್ನು ತಿಂಗಳಿಗೊಮ್ಮೆ ಒಂದೇ ರಿಟರ್ನಿನಲ್ಲಿ ಕಟ್ಟಬಹುದು. ಭಾರತದ ಮಾರಾಟಗಾರರು ಇದಕ್ಕೆ ಒಕ್ಕೂಟದೊಳಗಿನ ಮಧ್ಯವರ್ತಿ ಸಂಸ್ಥೆಯೊಂದನ್ನು ನೇಮಿಸಿಕೊಳ್ಳಲೇಬೇಕು, ಅದರ ಶುಲ್ಕ ಪ್ರತ್ಯೇಕ. ವರ್ಷಕ್ಕೆ ಬೆರಳೆಣಿಕೆಯ ಪಾರ್ಸೆಲ್ ಕಳುಹಿಸುವವರು ಮಾರುಕಟ್ಟೆ ತಾಣದ ಮೂಲಕ ಮಾರುವುದೇ ಲೇಸು. ಅಲ್ಲಿ ತಾಣವೇ ವ್ಯಾಟ್ ಕಟ್ಟುತ್ತದೆ. ತಾಣ ಕೊಡುವ ಐಒಎಸ್‌ಎಸ್ ಸಂಖ್ಯೆಯನ್ನು ಅಂಚೆಯ ಅಥವಾ ಕೊರಿಯರಿನ ಎಲೆಕ್ಟ್ರಾನಿಕ್ ಘೋಷಣೆಯಲ್ಲಿ ತಪ್ಪದೆ ನಮೂದಿಸುವುದಷ್ಟೇ ನಿಮ್ಮ ಕೆಲಸ. ಅದು ಬಿಟ್ಟುಹೋದರೆ ಗ್ರಾಹಕರು ಎರಡು ಬಾರಿ ತೆರಿಗೆ ತೆರಬೇಕಾಗುತ್ತದೆ.

ದರಗಳು ದೇಶದಿಂದ ದೇಶಕ್ಕೆ ಭಿನ್ನ: ಜರ್ಮನಿಯಲ್ಲಿ ಶೇ. 19, ಫ್ರಾನ್ಸ್‌ನಲ್ಲಿ ಶೇ. 20, ಇಟಲಿಯಲ್ಲಿ ಶೇ. 22, ಹಂಗೇರಿಯಲ್ಲಿ ಶೇ. 27. ಸರಕನ್ನು ಜರ್ಮನಿಯ ಗೋದಾಮಿನಲ್ಲಿಟ್ಟರೆ ಐಒಎಸ್‌ಎಸ್ ಉಪಯೋಗಕ್ಕೆ ಬಾರದು, ಜರ್ಮನಿಯ ನೋಂದಣಿಯೇ ಬೇಕು. ತಾಣ ಅದನ್ನು ಪೋಲೆಂಡಿನ ಗೋದಾಮಿಗೆ ವರ್ಗಾಯಿಸಿದರೆ ಅಲ್ಲಿಯೂ ಬೇಕು. ಆದ್ದರಿಂದ ‘ಎಲ್ಲ ಗೋದಾಮುಗಳಲ್ಲಿ ಇಡಲು ಅನುಮತಿ’ ಎಂಬ ಆಯ್ಕೆಗೆ ಓದದೆ ಒಪ್ಪಿಗೆ ಕೊಡಬೇಡಿ.

ಅಮೆರಿಕ

ಅಮೆರಿಕದಲ್ಲಿ ರಾಷ್ಟ್ರಮಟ್ಟದ ವ್ಯಾಟ್ ಇಲ್ಲ. ರಾಜ್ಯಗಳ ಸೇಲ್ಸ್ ಟ್ಯಾಕ್ಸ್ ಇದೆ. ಅಲಾಸ್ಕ, ಡೆಲವೇರ್, ಮೊಂಟಾನ, ನ್ಯೂ ಹ್ಯಾಂಪ್‌ಶೈರ್, ಆರೆಗಾನ್ ಈ ಐದರಲ್ಲಿ ರಾಜ್ಯಮಟ್ಟದ ಸೇಲ್ಸ್ ಟ್ಯಾಕ್ಸ್ ಇಲ್ಲ. 2018ರ ಜೂನ್ 21ರಂದು ವೇಫೇರ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ರಾಜ್ಯದಲ್ಲಿ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ವಹಿವಾಟಿನ ಪ್ರಮಾಣ ನೋಡಿ ತೆರಿಗೆ ಕೇಳುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. ಅನೇಕ ರಾಜ್ಯಗಳಲ್ಲಿ ಈ ಮಿತಿ ವರ್ಷಕ್ಕೆ 1 ಲಕ್ಷ ಡಾಲರ್, ಕ್ಯಾಲಿಫೋರ್ನಿಯ ಮತ್ತು ಟೆಕ್ಸಸ್‌ನಲ್ಲಿ 5 ಲಕ್ಷ ಡಾಲರ್. ಮನೆಯಿಂದ ಮಾರುವ ಬಹಳಷ್ಟು ಮಂದಿ ಯಾವುದೇ ಒಂದು ರಾಜ್ಯದಲ್ಲಿ ಈ ಮಟ್ಟ ಮುಟ್ಟುವುದಿಲ್ಲ, ಮಾರುಕಟ್ಟೆ ತಾಣದ ಮಾರಾಟಕ್ಕೆ ತಾಣವೇ ವಸೂಲಿ ಮಾಡುತ್ತದೆ. ಆದರೆ ಅಲ್ಲಿಯ ಗೋದಾಮಿನಲ್ಲಿ ಸರಕಿಟ್ಟರೆ, ಮಿತಿ ದಾಟದಿದ್ದರೂ ಆ ರಾಜ್ಯದಲ್ಲಿ ಹೊಣೆ ಹುಟ್ಟಬಹುದು. ವಸ್ತುವಾರು ವಿನಾಯಿತಿಗಳೂ ಇವೆ: ನ್ಯೂಜೆರ್ಸಿಯಲ್ಲಿ ಉಡುಪು ಮತ್ತು ಪಾದರಕ್ಷೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲವಾದ್ದರಿಂದ ಸೀರೆಗೆ ತೆರಿಗೆ ಬೀಳದು, ಗೊಂಬೆಗೆ ಶೇ. 6.625 ಬೀಳುತ್ತದೆ.

ಆಮದು ಸುಂಕದ ಕಥೆ ಬೇರೆ. 800 ಡಾಲರ್‌ವರೆಗಿನ ಪಾರ್ಸೆಲ್ಲಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಲಾಯಿತು. ಆ ದಿನಗಳಲ್ಲಿ ಭಾರತೀಯ ಅಂಚೆ ಅಮೆರಿಕದ ಪಾರ್ಸೆಲ್ ಸೇವೆಯನ್ನೇ ತಡೆಹಿಡಿದು, ಅಕ್ಟೋಬರ್ 15ರಂದು ಮತ್ತೆ ತೆರೆಯಿತು. ಸುಂಕದ ದರ ಪದೇಪದೇ ಬದಲಾಗುತ್ತಿರುವುದರಿಂದ ಕಳೆದ ತಿಂಗಳ ಲೆಕ್ಕವನ್ನು ನಂಬಿ ಈ ತಿಂಗಳ ಬೆಲೆ ಇಡಬೇಡಿ. ತಾಣಗಳು ಕೇಳುವ ಡಬ್ಲ್ಯೂ-8ಬೆನ್ ನಮೂನೆಯನ್ನು ಕಂಡು ಹೆದರಬೇಕಿಲ್ಲ: ಅದು ನೀವು ಅಮೆರಿಕದ ತೆರಿಗೆ ನಿವಾಸಿಯಲ್ಲವೆಂಬ ಘೋಷಣೆ, ಕಂಪನಿಯಾದರೆ ಡಬ್ಲ್ಯೂ-8ಬೆನ್-ಇ ತುಂಬಬೇಕು.

ಆಸ್ಟ್ರೇಲಿಯಾ 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಪಾರ್ಸೆಲ್ಲಿಗೆ 2018ರ ಜುಲೈ 1ರಿಂದ ಶೇ. 10 ಜಿಎಸ್‌ಟಿ ವಿಧಿಸುತ್ತಿದೆ, ಆದರೆ ಅಲ್ಲಿಗೆ ನಿಮ್ಮ ವಾರ್ಷಿಕ ಮಾರಾಟ 75,000 ಆಸ್ಟ್ರೇಲಿಯನ್ ಡಾಲರ್ ತಲುಪುವವರೆಗೆ ನಿಮಗೆ ನೋಂದಣಿ ಬೇಡ. ಯುಎಇಯಲ್ಲಿ ವ್ಯಾಟ್ ದರ ಶೇ. 5.

ಆದಾಯ ತೆರಿಗೆ

ಭಾರತದ ನಿವಾಸಿಯ ಜಾಗತಿಕ ಆದಾಯಕ್ಕೆಲ್ಲ ಇಲ್ಲಿ ತೆರಿಗೆ ಇದೆ. ವಹಿವಾಟು ಬರೆಯುವಾಗ ಖಾತೆಗೆ ಬಂದ ನಿವ್ವಳ ಮೊತ್ತವನ್ನು ಬರೆಯದೆ, ಗ್ರಾಹಕರು ಕೊಟ್ಟ ಪೂರ್ಣ ಬೆಲೆಯನ್ನು ಮಾರಾಟವೆಂದೂ ತಾಣ ಕಡಿದುಕೊಂಡ ಕಮಿಷನ್ನನ್ನು ವೆಚ್ಚವೆಂದೂ ತೋರಿಸಬೇಕು. ಗ್ರಾಹಕರಿಂದ ಪಡೆದು ಆ ದೇಶಕ್ಕೆ ಕಟ್ಟಿದ ವ್ಯಾಟ್ ನಿಮ್ಮ ಆದಾಯವಲ್ಲ. ಅದನ್ನು ಬೇರೆ ಖಾತೆಯಲ್ಲಿಡಿ. ಅಂದಾಜು ಲಾಭದ ಯೋಜನೆಯಲ್ಲಿ ಬ್ಯಾಂಕ್ ಮೂಲಕ ಬಂದ ಮಾರಾಟದ ಶೇ. 6ನ್ನು ಲಾಭವೆಂದು ಘೋಷಿಸುವ ಅವಕಾಶ ಸಣ್ಣ ವ್ಯಾಪಾರಿಗಿದೆ. ಆದರೆ ವಿದೇಶದಲ್ಲಿ ನಿಮ್ಮ ಹೆಸರಿನ ಖಾತೆ ಅಥವಾ ಬೇರೆ ಆಸ್ತಿ ಇದ್ದರೆ ಸರಳವಾದ ಐಟಿಆರ್-4 ಸಲ್ಲಿಸುವಂತಿಲ್ಲ. ಐಟಿಆರ್-3ರಲ್ಲಿ ವಿದೇಶಿ ಆಸ್ತಿಯ ಅನುಸೂಚಿಯನ್ನು ತುಂಬಬೇಕು, ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಹೊರದೇಶದ ಗೋದಾಮಿನಲ್ಲಿರುವ ಸರಕೂ ಆಸ್ತಿಯೇ ಆಗಬಹುದಾದ್ದರಿಂದ ಅದನ್ನು ಸಿಎ ಅವರ ಗಮನಕ್ಕೆ ತನ್ನಿ.

ಭಾರತದಿಂದಲೇ ನೇರವಾಗಿ ರವಾನಿಸುವವರ ಲಾಭಕ್ಕೆ ಗ್ರಾಹಕರ ದೇಶ ಸಾಮಾನ್ಯವಾಗಿ ಆದಾಯ ತೆರಿಗೆ ಕೇಳುವುದಿಲ್ಲ. ಎರಡು ಬಾರಿ ತೆರಿಗೆ ತಪ್ಪಿಸುವ ಒಪ್ಪಂದಗಳ ಪ್ರಕಾರ ಅಲ್ಲಿ ಕಾಯಂ ನೆಲೆ (ವ್ಯಾಪಾರ ನಡೆಸುವ ಸ್ಥಿರ ಜಾಗ ಅಥವಾ ಪ್ರತಿನಿಧಿ) ಇದ್ದರೆ ಮಾತ್ರ ಆ ಪ್ರಶ್ನೆ. ಅಲ್ಲಿ ಸದಾ ಸರಕಿಟ್ಟು ನಿಮ್ಮ ಪರವಾಗಿ ಹಂಚುವ ಸ್ವಂತ ಪ್ರತಿನಿಧಿ ಇದ್ದರೆ, ಅವರು ನಿಮ್ಮ ತಂಗಿಯೇ ಆಗಿರಲಿ, ಆ ಪ್ರಶ್ನೆ ಏಳಬಹುದು. ಈ ಒಪ್ಪಂದಗಳು ಆದಾಯ ತೆರಿಗೆಗೆ ಸಂಬಂಧಿಸಿದವು. ಅವುಗಳನ್ನು ತೋರಿಸಿ ವ್ಯಾಟ್ ಅಥವಾ ಸೇಲ್ಸ್ ಟ್ಯಾಕ್ಸ್‌ನಿಂದ ಬಿಡುಗಡೆ ಕೇಳಲಾಗದು.

ಹಿಂದಿನ ಬಾಕಿ ಇದ್ದರೆ

ನೋಂದಣಿ ಇಲ್ಲದೆ ಈಗಾಗಲೇ ಸ್ವಂತ ವೆಬ್‌ಸೈಟಿನಿಂದ ಬ್ರಿಟನ್ನಿಗೆ ಮಾರಿದ್ದರೆ ಮೊದಲು ಪ್ರತಿ ಆರ್ಡರ್‌ನ ದಿನಾಂಕ, ದೇಶ, ಬೆಲೆ, ಸರಕು ಹೊರಟ ಸ್ಥಳ, ರವಾನೆಯ ಸಂಖ್ಯೆಗಳ ಪಟ್ಟಿ ಮಾಡಿ, ಬಾಕಿಯನ್ನು ದೇಶವಾರು ಕಂಡುಹಿಡಿಯಬೇಕು. ನಂತರ ಆ ದೇಶದ ತೆರಿಗೆ ತಜ್ಞರ ಮೂಲಕ ನೀವಾಗಿಯೇ ಇಲಾಖೆಗೆ ತಿಳಿಸಿ. ಇಲಾಖೆ ಪತ್ತೆ ಹಚ್ಚಿದ ಬಾಕಿಗಿಂತ ತಾವಾಗಿ ಒಪ್ಪಿಸಿದ ಬಾಕಿಗೆ ಬ್ರಿಟನ್ನಿನಲ್ಲಿ ದಂಡ ಕಡಿಮೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸ್ವಯಂಘೋಷಣೆಯ ಯೋಜನೆಗಳಿದ್ದು, ಎಷ್ಟು ವರ್ಷ ಹಿಂದಿನ ಲೆಕ್ಕ ಕೇಳಬೇಕೆಂಬುದಕ್ಕೆ ಅಲ್ಲಿ ಮಿತಿ ಹಾಕಲಾಗುತ್ತದೆ ಮತ್ತು ದಂಡವನ್ನು ಬಹುಮಟ್ಟಿಗೆ ಮನ್ನಿಸಲಾಗುತ್ತದೆ. ರಾಜ್ಯದ ನೋಟಿಸ್ ಕೈಸೇರಿದ ಮೇಲೆ ಸಾಮಾನ್ಯವಾಗಿ ಈ ಅವಕಾಶ ಸಿಗುವುದಿಲ್ಲವಾದ್ದರಿಂದ, ಬಾಕಿಯ ಪಟ್ಟಿ ಸಿದ್ಧವಾಗುವವರೆಗೆ ಆ ದೇಶದ ಹೊಸ ಆರ್ಡರ್‌ಗಳನ್ನು ನಿಮ್ಮ ವೆಬ್‌ಸೈಟಿನಲ್ಲಿ ತಡೆಹಿಡಿದು, ಮಾರಾಟವನ್ನು ತಾಣದ ಮೂಲಕ ಮಾತ್ರ ಮುಂದುವರಿಸಿ.