ಸಂತೆ ಚಿಕಿತ್ಸಾಲಯಕ್ಕೆ ಊರಿನ ದತ್ತಿಗಳಿಂದಲೇ ಹಣ ಹೊಂದಿಸಿದ ನನ್ನ ಅನುಭವ

ಮೂಡಿಗೆರೆ ಸೀಮೆಯ ಒಂದು ಸಂತೆ ಊರಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ, ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಇರುವ ಸುಮಾರು 420 ಮಂದಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ನಮ್ಮ ಚಿಕಿತ್ಸಾಲಯ ಈಗ ಆರನೆಯ ವರ್ಷದಲ್ಲಿದೆ. ಇಷ್ಟು ದಿನಗಳಲ್ಲಿ ಹಣವಿಲ್ಲವೆಂಬ ಕಾರಣಕ್ಕೆ ಒಂದು ಭಾನುವಾರವೂ ಬಾಗಿಲು ಹಾಕಿಲ್ಲ. ಊರಿನ ಸಿರಿವಂತರ ದತ್ತಿಗಳು ಜಾತ್ರೆಗೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಾಂಪೌಂಡಿಗೆ ಕೊಡುತ್ತವೆಯೇ ಹೊರತು ಯಾರದೋ ತೋಟದ ಆಳಿನ ತಿಂಗಳ ಮಾತ್ರೆಗೆ ಕೊಡುವುದಿಲ್ಲ ಎಂದು ಈ ಕ್ಷೇತ್ರದ ಹಿರಿಯರೇ ನನಗೆ ಬುದ್ಧಿ ಹೇಳಿದ್ದರು. ಕಳೆದ ವರ್ಷ ಅವರಲ್ಲಿ ಇಬ್ಬರು ಬಂದು ನಮ್ಮ ಲೆಕ್ಕದ ಪುಸ್ತಕವನ್ನು ನೋಡಿಕೊಂಡು ಹೋದರು. ಅದಾದ ಮೇಲೆಯೇ ಇದನ್ನು ಬರೆಯುವ ಧೈರ್ಯ ಬಂದದ್ದು.

ಮೊದಲು ಸೋತ ಕಥೆಯನ್ನು ಹೇಳಬೇಕು. 2018ರಲ್ಲಿ ದೊಡ್ಡ ಕಂಪನಿಯೊಂದು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣದಿಂದ ನಮಗೆ ಸಂಚಾರಿ ಆರೋಗ್ಯ ವಾಹನ ಸಿಕ್ಕಿತು. ಅದಕ್ಕೂ ಮುನ್ನ ಹನ್ನೊಂದು ಕಡೆ ಅರ್ಜಿ ಹಾಕಿ, ಬೆಂಗಳೂರಿಗೆ ಹತ್ತಾರು ಸಲ ಓಡಾಡಿ, ಓಡಾಟಕ್ಕೇ ಕೈಯಿಂದ ನಲವತ್ತು ಸಾವಿರ ಕಳೆದಿದ್ದೆ. ವಾಹನಕ್ಕೆ ಹದಿನೆಂಟು ಲಕ್ಷದಷ್ಟಾಯಿತು. ಡೀಸೆಲ್, ಚಾಲಕ, ರಿಪೇರಿ ಸೇರಿ ತಿಂಗಳಿಗೆ ಐವತ್ತು ಸಾವಿರ ಅದರ ಹೊಟ್ಟೆಗೇ ಹೋಗುತ್ತಿತ್ತು. ಜೂನ್ ಬಂದರೆ ತೋಟದ ಮಣ್ಣಿನ ರಸ್ತೆಯಲ್ಲಿ ಅದು ಗೇಟಿನಿಂದ ಮುಂದಕ್ಕೆ ಹತ್ತುತ್ತಿರಲಿಲ್ಲ. ಹಗಲು ಹನ್ನೊಂದಕ್ಕೆ ಲೈನಿಗೆ ಹೋದರೆ ಅಲ್ಲಿ ಮುದುಕರು ಮತ್ತು ಮಕ್ಕಳು ಮಾತ್ರ ಇರುತ್ತಿದ್ದರು, ದುಡಿಯುವವರೆಲ್ಲ ತೋಟದೊಳಗೆ. ವರ್ಷ ಮುಗಿಯಿತು, ಕಂಪನಿ ಬೇರೆ ಜಿಲ್ಲೆಯತ್ತ ಹೊರಳಿತು, ವಾಹನ ಶೆಡ್ಡಿನಲ್ಲಿ ನಿಂತಿತು. ನಾವು ಮಾತ್ರೆ ಶುರು ಮಾಡಿಸಿದ್ದ ಸುಮಾರು 160 ಮಂದಿಯಲ್ಲಿ ಬಹುಪಾಲು ಜನ ಮಾತ್ರೆಯನ್ನು ನಿಲ್ಲಿಸಿದರು. ಅವರಲ್ಲೊಬ್ಬರು, ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವುದರಲ್ಲಿ ಆ ಸೀಮೆಗೇ ಹೆಸರಾದವರು, ನಾಲ್ಕು ತಿಂಗಳಲ್ಲಿ ಲಕ್ವ ಹೊಡೆದು ಬಲಗೈಯ ಸ್ವಾಧೀನ ಕಳೆದುಕೊಂಡರು. ಅವರ ಮನೆಯ ಗೂಡಿನಲ್ಲಿ ನಮ್ಮ ಹಳದಿ ಚೀಟಿ ಹಾಗೆಯೇ ಇತ್ತು, ಕೊನೆಯ ಗುರುತು ಮಾರ್ಚ್ ತಿಂಗಳದು. ಒಂದು ವರ್ಷದ ಹಣವನ್ನು ನಂಬಿ ಜೀವನಪೂರ್ತಿ ನುಂಗಬೇಕಾದ ಮಾತ್ರೆಯನ್ನು ಇನ್ನು ಯಾರಿಗೂ ಶುರು ಮಾಡಿಸುವುದಿಲ್ಲ ಎಂದು ನಾನು ನಿಶ್ಚಯಿಸಿದ್ದು ಅಂದು, ಆ ಮನೆಯ ಜಗಲಿಯ ಮೇಲೆ ಕುಳಿತು.

ಸಂತೆಯ ಉಪಾಯ ನನ್ನದಲ್ಲ, ತೋಟವೊಂದರ ಲೆಕ್ಕ ಬರೆಯುವ ರೈಟರ್ ಹೇಳಿದ್ದು. ಶನಿವಾರ ಸಂಜೆ ಬಟವಾಡೆ, ಭಾನುವಾರ ರಜೆ. ಅಂದು ಜನ ಹೇಗೂ ಸಂತೆಗೆ ಇಳಿಯುತ್ತಾರೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರದ ನಡುವೆ ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹಣ್ಣು ಕುಯ್ಲಿನ ದಿನಗಳಲ್ಲಿ ಕುಯ್ದ ತೂಕಕ್ಕೆ ಕೂಲಿಯಾದ್ದರಿಂದ ನಷ್ಟ ಇನ್ನೂ ಹೆಚ್ಚು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಆಸ್ಪತ್ರೆ ಸೌಕರ್ಯದ ಮಾತಿತ್ತು ನಿಜ, ಆದರೆ ಅದು ಕನಿಷ್ಠ ಐದು ಹೆಕ್ಟೇರ್ ಮತ್ತು ಹದಿನೈದು ಆಳುಗಳಿದ್ದ ತೋಟಗಳಿಗೆ. ನಮ್ಮ ಕಡೆಯ ಸಣ್ಣ ತೋಟಗಳ ಆಳುಗಳಿಗೂ, ಅಸ್ಸಾಮಿನಿಂದ ಬಂದು ವರ್ಷಕ್ಕೊಂದು ತೋಟ ಬದಲಿಸುವವರಿಗೂ ಅದು ತಲುಪಿದ್ದೇ ಇಲ್ಲ. 2020ರ ಕೊನೆಯಲ್ಲಿ ಸಂತೆಮಾಳದ ಪಕ್ಕದ ಹಳೆಯ ಗೋದಾಮೊಂದನ್ನು ತಿಂಗಳಿಗೆ ಎರಡೂವರೆ ಸಾವಿರಕ್ಕೆ ಹಿಡಿದು, ಖಾಸಗಿ ಚಿಕಿತ್ಸಾಲಯಗಳಿಗೆ ಬೇಕಾದ ಕೆಪಿಎಂಇ ಕಾಯ್ದೆಯ ನೋಂದಣಿ ಮಾಡಿಸಿ, ನಿವೃತ್ತ ಸರ್ಕಾರಿ ವೈದ್ಯರೊಬ್ಬರನ್ನು ಒಪ್ಪಿಸಿ ಶುರು ಮಾಡಿದೆವು.

ಹಣದ ವಿಷಯಕ್ಕೆ ಬರುತ್ತೇನೆ. ನಾನು ಮಾಡಿದ ಮೊದಲ ಕೆಲಸವೆಂದರೆ ಯೋಜನೆಯ ಒಟ್ಟು ವೆಚ್ಚವನ್ನು ಬದಿಗಿಟ್ಟು, ಒಬ್ಬ ರೋಗಿಗೆ ಒಂದು ವರ್ಷಕ್ಕೆ ಎಷ್ಟು ಬೇಕೆಂಬ ಲೆಕ್ಕವನ್ನು ಹಾಕಿದ್ದು. ಶುಶ್ರೂಷಕಿಗೆ ತಿಂಗಳಿಗೆ ಹದಿನೆಂಟು ಸಾವಿರ, ಲೈನಿಂದ ಲೈನಿಗೆ ನಡೆದು ತಪ್ಪಿಹೋದವರನ್ನು ಹುಡುಕುವ ಸಹಾಯಕಿಗೆ ಒಂಬತ್ತು ಸಾವಿರ, ಮಾತ್ರೆಗೆ ವರ್ಷಕ್ಕೆ ಎರಡು ಮುಕ್ಕಾಲು ಲಕ್ಷ, ಸಕ್ಕರೆ ಪರೀಕ್ಷೆಯ ಪಟ್ಟಿ ಹಾಗೂ ವರ್ಷಕ್ಕೊಮ್ಮೆಯ ಮೂತ್ರಪಿಂಡದ ಪರೀಕ್ಷೆಗೆ ಒಂದು ಲಕ್ಷ ಇಪ್ಪತ್ತು ಸಾವಿರ, ವೈದ್ಯರ ಗೌರವಧನ, ಜೀಪು, ಬಾಡಿಗೆ ಎಲ್ಲ ಸೇರಿ ಇಂದಿನ ದರದಲ್ಲಿ ಒಂಬತ್ತು ಲಕ್ಷದ ಸುತ್ತಮುತ್ತ ಆಗುತ್ತದೆ. ಅಂದರೆ ತಲೆಗೆ 2,100 ರೂಪಾಯಿಯ ಆಸುಪಾಸು. ಒಂಬತ್ತು ಲಕ್ಷ ಎಂದಾಗ ಮುಖ ತಿರುಗಿಸುತ್ತಿದ್ದ ಯಜಮಾನರು, ಒಬ್ಬ ಆಳಿನ ವರ್ಷದ ಔಷಧೋಪಚಾರಕ್ಕೆ 2,100 ಎಂದಾಗ ತಮ್ಮ ತೋಟದ ಲೈನಿನಲ್ಲಿ ಎಷ್ಟು ಮಂದಿ ಇದ್ದಾರೆಂದು ತಾವೇ ಎಣಿಸತೊಡಗಿದರು.

ಎರಡನೆಯದು, ಖರ್ಚನ್ನು ಬಾಬುಗಳಾಗಿ ಸೀಳಿ ಒಂದೊಂದು ಬಾಬನ್ನು ಒಂದೊಂದು ದತ್ತಿಗೆ ಒಪ್ಪಿಸಿದ್ದು. ಪ್ಲಾಂಟರ್ ಕುಟುಂಬವೊಂದರ ದತ್ತಿ ಮಾತ್ರೆಯ ಬಾಬಿಗೆ ಎರಡೂವರೆ ಲಕ್ಷ ಕೊಡುತ್ತದೆ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಮಾಲೀಕರ ತಾಯಿಯ ಹೆಸರಿನ ದತ್ತಿ ಶುಶ್ರೂಷಕಿಯ ಸಂಬಳವನ್ನು ಹೊತ್ತಿದೆ, ಪತ್ತಿನ ಸಹಕಾರ ಸಂಘವೊಂದು ಪರೀಕ್ಷೆಗಳ ಬಾಬನ್ನು, ಪೆಟ್ರೋಲ್ ಬಂಕಿನವರು ಜೀಪಿನ ಡೀಸೆಲನ್ನು ನೋಡಿಕೊಳ್ಳುತ್ತಾರೆ. ಉಳಿದ ಸಣ್ಣ ಬಾಬುಗಳಿಗೆ ಇನ್ನೂ ಮೂವರಿದ್ದಾರೆ. ಯಾರಿಂದಲೂ ಒಟ್ಟು ಖರ್ಚಿನ ಮೂರನೆಯ ಒಂದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ನಿಯಮ. ಒಬ್ಬರು ಇಡೀ ಒಂಬತ್ತು ಲಕ್ಷವನ್ನು ತಾವೇ ಕೊಡುತ್ತೇವೆ, ಬೋರ್ಡಿನ ಮೇಲೆ ತಮ್ಮ ಹೆಸರೊಂದೇ ಇರಲಿ ಎಂದಾಗ ನಾನು ಒಪ್ಪಲಿಲ್ಲ. ನಮ್ಮ ಟ್ರಸ್ಟಿನವರೇ ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮರುವರ್ಷ ಆ ಕುಟುಂಬದಲ್ಲಿ ಪಾಲಾಗಿ ಅವರ ದತ್ತಿಯೇ ನಿಂತುಹೋಯಿತು. ನಮಗೆ ತಪ್ಪಿದ್ದು ಅವರ ಬಾಬಿನ ಎಂಬತ್ತು ಸಾವಿರ ಮಾತ್ರ; ಅದನ್ನು ಉಳಿದವರು ಒಂದೇ ಸಂಜೆಯಲ್ಲಿ ಹಂಚಿಕೊಂಡರು.

ಮೂರು ತಿಂಗಳಿಗೊಮ್ಮೆ ದಾನಿಗಳನ್ನೆಲ್ಲ ಅದೇ ಗೋದಾಮಿನಲ್ಲಿ ಕೂರಿಸಿ ಲೆಕ್ಕ ಓದುತ್ತೇನೆ, ರೋಗಿಗಳ ಎದುರಿನಲ್ಲೇ. ಎಷ್ಟು ಮಂದಿಯ ಬಿಪಿ 140/90ಕ್ಕಿಂತ ಕೆಳಗಿದೆ, ಎಷ್ಟು ಮಂದಿ ತಪ್ಪಿಸಿದ್ದಾರೆ, ಎಷ್ಟು ಮಾತ್ರೆ ಅವಧಿ ಮೀರಿ ವ್ಯರ್ಥವಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ವಾಹನದ ಕಾಲದಲ್ಲಿ ನಾಲ್ವರಲ್ಲಿ ಒಬ್ಬರ ಬಿಪಿ ಹತೋಟಿಯಲ್ಲಿತ್ತು. ಈಗ ಹತ್ತರಲ್ಲಿ ಆರು ಮಂದಿಯದು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಮೊದಲ ಭೇಟಿಗೆ ಯಜಮಾನರ ಮುಂದೆ ಯಾವ ಒಂದು ಹಾಳೆಯನ್ನು ಇಡುತ್ತೇನೆ, ವರ್ಷದ ಯಾವ ವಾರದಲ್ಲಿ ಹೋಗುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದೇ ತಾಲ್ಲೂಕಿನಲ್ಲಿ ಅದೇ ಮನೆಗಳ ಬಾಗಿಲು ತಟ್ಟುವವರು ಇನ್ನೂ ಹಲವರಿದ್ದೇವೆ.

ಕಾಗದಪತ್ರದಲ್ಲಿ ಎರಡು ಕಡೆ ಪೆಟ್ಟು ತಿಂದೆ. ಒಂದು, ಸಿಎಸ್‌ಆರ್ ಹಣ ಕೊಡಲು ಬಂದ ಮಧ್ಯಮ ಗಾತ್ರದ ಕಂಪನಿಯೊಂದರ ಲೆಕ್ಕದವರು, ಆಡಳಿತ ವೆಚ್ಚಕ್ಕೆ ನೂರಕ್ಕೆ ಐದರ ಮಿತಿ ಇದೆ ಎಂದು ಶುಶ್ರೂಷಕಿಯ ಸಂಬಳವನ್ನೇ ಹೊಡೆದುಹಾಕಿದರು. ಆ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ವೆಚ್ಚಕ್ಕೆ. ಯೋಜನೆಯನ್ನು ನಡೆಸಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲವೆಂದು 2021ರಲ್ಲಿ ತಿದ್ದಿದ ನಿಯಮದಲ್ಲೇ ಇದೆ. ಇದು ಗೊತ್ತಾಗುವಷ್ಟರಲ್ಲಿ ಆ ವರ್ಷದ ಎರಡು ಲಕ್ಷ ಕೈತಪ್ಪಿತ್ತು. ಇನ್ನೊಂದು, ನೋಂದಾಯಿತ ದತ್ತಿಯೊಂದು ಇನ್ನೊಂದು ದತ್ತಿಗೆ ಕೊಟ್ಟ ದೇಣಿಗೆಯಲ್ಲಿ ನೂರಕ್ಕೆ 85 ಭಾಗವನ್ನು ಮಾತ್ರ ತೆರಿಗೆ ವಿನಾಯಿತಿಯ ಲೆಕ್ಕದಲ್ಲಿ ಧರ್ಮಕಾರ್ಯದ ವೆಚ್ಚವೆಂದು ಎಣಿಸುವ ನಿಯಮ 2023ರ ಹಣಕಾಸು ಕಾಯ್ದೆಯಲ್ಲಿ ಬಂತು. ಮರುವರ್ಷ ಪ್ಲಾಂಟರ್ ಕುಟುಂಬದ ಲೆಕ್ಕಪರಿಶೋಧಕರು ಚೆಕ್ಕನ್ನು ತಡೆಹಿಡಿದರು. ಒಂದು ತಿಂಗಳು ಸಾಲ ಮಾಡಿ ಮಾತ್ರೆ ತಂದೆವು. ಕಡೆಗೆ ಆ ದತ್ತಿಯವರು ಹಣವನ್ನು ನಮಗೆ ಕೊಡುವ ಬದಲು ತಮ್ಮದೇ ಕಾರ್ಯಕ್ರಮವೆಂದು ಠರಾವು ಮಾಡಿ, ಔಷಧವನ್ನು ತಾವೇ ಬಿಲ್ಲು ಪಡೆದು ಕೊಂಡು ಚಿಕಿತ್ಸಾಲಯಕ್ಕೆ ಇಳಿಸತೊಡಗಿದರು. ನಮಗಂತೂ ಮಾತ್ರೆ ಬಂದರೆ ಸಾಕಾಗಿತ್ತು.

ಮೊದಲ ಆರು ತಿಂಗಳು ಎಲ್ಲವನ್ನೂ ಉಚಿತವಾಗಿ ಕೊಟ್ಟೆವು. ಲೈನುಗಳಲ್ಲಿ ತೆರೆಯದ ಮಾತ್ರೆ ಪೊಟ್ಟಣಗಳು ಕಣ್ಣಿಗೆ ಬಿದ್ದ ಮೇಲೆ ತಿಂಗಳಿಗೆ ಇಪ್ಪತ್ತು ರೂಪಾಯಿ ಕಾಣಿಕೆ ಎಂದು ಇಟ್ಟೆವು, ಇಲ್ಲದವರನ್ನು ಕೇಳುವುದಿಲ್ಲ. ವರ್ಷಕ್ಕೆ ಎಪ್ಪತ್ತು ಸಾವಿರದಷ್ಟು ಬರುತ್ತದೆ. ಹಣಕ್ಕಿಂತ ಹೆಚ್ಚಾಗಿ, ಆ ಇಪ್ಪತ್ತು ರೂಪಾಯಿ ಕೊಟ್ಟವರು ಅಂದಿನಿಂದ ಮಾತ್ರೆಯ ಬಗ್ಗೆ ಪ್ರಶ್ನೆ ಕೇಳತೊಡಗಿದರು. ಹಾಗೆ ಕೇಳಿದ್ದರಿಂದಲೇ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತೆಗೆದುಕೊಂಡ ಕೆಲವರಿಗೆ ಪಾದ ಊದಿ ಗಂಬೂಟು ಹಿಡಿಸುತ್ತಿಲ್ಲ, ಅದಕ್ಕೇ ಮಾತ್ರೆಯನ್ನು ಬಿಟ್ಟಿದ್ದಾರೆ ಎಂಬುದು ಹೊರಬಿದ್ದು, ವೈದ್ಯರು ಅವರಿಗೆ ಟೆಲ್ಮಿಸಾರ್ಟಾನ್ ಎಂಬ ಬೇರೆ ಬಿಪಿ ಮಾತ್ರೆ ಬರೆದರು. ಒಬ್ಬ ಅಜ್ಜಿ ತಮ್ಮ ಎಲೆಅಡಿಕೆ ಚೀಲದಿಂದ ಮಾತ್ರೆಯ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಮೂವತ್ತರಾಗೆ ಎಲ್ಡು ಮರ್ತೀನಿ ತಾಯಿ, ಸುಳ್ ಯಾಕೆ ಹೇಳ್ಲಿ" ಎಂದು ಶುಶ್ರೂಷಕಿಗೆ ಒಪ್ಪಿಸುತ್ತಾರೆ. ಈಗ ಎಲ್ಲರಿಗೂ ಖಾಲಿ ಪಟ್ಟಿ ತರಲು ಹೇಳಿದ್ದೇವೆ.

ಇನ್ನೊಂದು ಪ್ರಯೋಗ ಕುರ್ಚಿಗಳದು. ಚೀಲ ಹೊತ್ತು ಏರು ಹತ್ತಿ ಬಂದವರಿಗೆ ಕೂಡಲೇ ಬಿಪಿ ನೋಡಿದರೆ ಎಲ್ಲರದೂ ಜಾಸ್ತಿಯೇ. ಐದು ನಿಮಿಷ ಸುಮ್ಮನೆ ಕೂರಿ ಎಂದರೆ ಸಂತೆಯ ಗಡಿಬಿಡಿಯಲ್ಲಿ ಯಾರೂ ಕೂರುವುದಿಲ್ಲ. ಎಂಟು ಕುರ್ಚಿಗಳನ್ನು ಸಾಲಾಗಿ ಇಟ್ಟು, ಕೊನೆಯ ಕುರ್ಚಿಯಿಂದ ಒಂದೊಂದೇ ಮುಂದಕ್ಕೆ ಸರಿದು ಬರುವಂತೆ ಮಾಡಿದೆವು. ಮೊದಲ ಕುರ್ಚಿಗೆ ಬರುವಷ್ಟರಲ್ಲಿ ಐದಾರು ನಿಮಿಷ ಆಗಿರುತ್ತದೆ. ಸ್ವೆಟರಿನ ತೋಳಿನ ಮೇಲೆ ಬಿಪಿ ನೋಡುವ ಪಟ್ಟಿ ಕಟ್ಟುವುದನ್ನು ನಿಲ್ಲಿಸಿದ್ದೂ ಆಗಲೇ. ಸಕ್ಕರೆ ಪರೀಕ್ಷೆಯ ಪಟ್ಟಿಗಳು ಮಳೆಗಾಲದ ತೇವಕ್ಕೆ ಕೆಟ್ಟು ಒಂದು ಜುಲೈಯಲ್ಲಿ ಸಿಕ್ಕಾಪಟ್ಟೆ ತಪ್ಪು ಅಂಕಿಗಳು ಬಂದವು, ಆರು ಸಾವಿರದ ಪಟ್ಟಿ ಎಸೆದೆವು. ಅಂದಿನಿಂದ ಇಪ್ಪತ್ತೈದರ ಸಣ್ಣ ಡಬ್ಬಿಗಳನ್ನೇ ಕೊಳ್ಳುತ್ತೇವೆ, ಬೆಲೆ ತುಸು ಹೆಚ್ಚಾದರೂ.

2021ರ ಲಾಕ್‌ಡೌನಿನಲ್ಲಿ ಸಂತೆಯೇ ನಿಂತಾಗ ಡೀಸೆಲ್ ಕೊಡುವವರ ಜೀಪೇ ಲೈನುಗಳಿಗೆ ಮಾತ್ರೆ ಹೊತ್ತಿತು. ಊರಿನ ಹಣಕ್ಕೆ ಊರಿನ ದಾರಿಯೂ ಗೊತ್ತಿರುತ್ತದೆ. 2024ರಲ್ಲಿ ಕಾಫಿಯ ಬೆಲೆ ಚೆನ್ನಾಗಿ ಏರಿದಾಗ ಎಲ್ಲರೂ ಹೆಚ್ಚು ಕೊಡಲು ಮುಂದೆ ಬಂದರು. ಖರ್ಚನ್ನು ಹಿಗ್ಗಿಸದೆ, ಹೆಚ್ಚಿಗೆ ಬಂದ ಮೂರು ಲಕ್ಷದಷ್ಟನ್ನು ನಮ್ಮ ಲೆಕ್ಕಪರಿಶೋಧಕರ ಸಲಹೆಯಂತೆ ಕಾಗದ ಮಾಡಿ ಬ್ಯಾಂಕಿನಲ್ಲಿ ತೆಗೆದಿರಿಸಿದ್ದೇವೆ. ಬೆಲೆ ಬಿದ್ದ ವರ್ಷಕ್ಕೆ ನಾಲ್ಕು ತಿಂಗಳ ಮಾತ್ರೆ ಮತ್ತು ಸಂಬಳ ಅದರಲ್ಲಿ ಆಗುತ್ತದೆ.

ಮೇ ಕೊನೆಯ ಭಾನುವಾರ ಹಳ್ಳದಾಚೆಯ ಮೂರು ಲೈನುಗಳ ಅರವತ್ತು ಮಂದಿಗೆ ಎರಡು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಡಬೇಕು, ಜೂನ್ ಹಿಡಿದರೆ ಅವರು ಈಚೆಗೆ ದಾಟುವುದು ಕಷ್ಟ. ಬಲಗೈ ಕಳೆದುಕೊಂಡ ಆ ಮರಗಸಿಯವರೂ ಆ ಅರವತ್ತರಲ್ಲಿದ್ದಾರೆ. ಎಡಗೈಯಲ್ಲಿ ಮಾತ್ರೆ ಬಿಡಿಸುವುದು ಅವರಿಗೆ ಆಗದ ಕಾರಣ, ಪಟ್ಟಿಗಳನ್ನು ಒಂದೊಂದೇ ಮಾತ್ರೆಯಾಗಿ ಕತ್ತರಿಸಿ, ಅಂಚನ್ನು ತುಸು ಸೀಳಿ, ಅವರ ಡಬ್ಬಿಗೆ ತುಂಬಿಡುವ ಕೆಲಸವನ್ನು ಸಹಾಯಕಿ ಈಗಾಗಲೇ ಶುರು ಮಾಡಿದ್ದಾಳೆ.