ಪಿನಾಫೋರ್‌ನಲ್ಲಿ ಬೋಸನ್ ಪಾರ್ಟು ಮಾಡಿದ್ದು: ನನ್ನ ಅನುಭವ

ಮೆಲ್ಬರ್ನ್‌ನಲ್ಲಿ ಒಂದು ಹವ್ಯಾಸಿ ತಂಡದಲ್ಲಿ ಗಿಲ್ಬರ್ಟ್-ಸಲ್ಲಿವನ್ ನಾಟಕಗಳಿಗೆ (ಮಾತು ಗಿಲ್ಬರ್ಟ್‌ದು, ಸಂಗೀತ ಸಲ್ಲಿವನ್‌ದು; ಪಿನಾಫೋರ್ ಅವುಗಳಲ್ಲೊಂದು, ಹಡಗಿನ ಮೇಲೆ ನಡೆಯೋ ಹಾಸ್ಯ) ಹಾಡ್ತೀನಿ ಅಂದ್ರೆ ಊರಲ್ಲಿ ಎಲ್ರೂ "ಒಪೆರಾನಾ, ಆ ಕಿರುಚಾಡೋದಾ" ಅಂತಾರೆ. ಅಲ್ಲ ಸ್ವಾಮಿ. ಇಂಗ್ಲಿಷಿನವರ ಕಂಪನಿ ನಾಟಕ ಅಂದ್ಕೊಳ್ಳಿ, ಒಂದಿಷ್ಟು ಮಾತು, ಒಂದು ಹಾಡು, ಮತ್ತೆ ಮಾತು, ಹಾಡು ಚೆನ್ನಾಗಿದ್ರೆ ಜನ ಒನ್ಸ್ ಮೋರ್ ಅಂತಾರೆ, ನಟರು ಸಂತೋಷವಾಗಿ ಮತ್ತೆ ಹಾಡ್ತಾರೆ. ಪಿನಾಫೋರ್‌ನಲ್ಲಿ ಮೂವರು ಹಾಡೋ ಒಂದು ಹಾಡಿದೆ, ಅದಕ್ಕೆ ಪ್ರತಿ ಒನ್ಸ್ ಮೋರಿಗೂ ಹೊಸ ಚೇಷ್ಟೆ ಸೇರಿಸೋದು ಸಂಪ್ರದಾಯ, ಹಾಗಾಗಿ ಅದನ್ನ ಎಷ್ಟು ಸಲ ಹಾಡಬೇಕಾಗುತ್ತೆ ಅಂತ ರಿಹರ್ಸಲ್‌ನಲ್ಲೇ ಲೆಕ್ಕ ಹಾಕಿಟ್ಕೋತಾರೆ.

ನನಗೆ ಸಿಕ್ಕಿದ್ದು ಬೋಸನ್ ಪಾರ್ಟು, ಅಂದ್ರೆ ಹಡಗಿನ ನಾವಿಕರ ಮೇಲೆ ಮೇಸ್ತ್ರಿ ಥರ ಇರೋನು. ಡೈಲಾಗ್ ಜಾಸ್ತಿ ಇಲ್ಲ. ಆದ್ರೆ ಎರಡು ಕಡೆ ತಪ್ಪಿಸ್ಕೊಳ್ಳೋಕೆ ದಾರೀನೇ ಇಲ್ಲ: ಮೊದಲನೇ ಅಂಕದಲ್ಲಿ ಮೂವರು ನಾವಿಕರು ಸೇರಿ ಹಾಡೋ "ಬ್ರಿಟಿಷ್ ನಾವಿಕ ಹೇಗಿರಬೇಕು" ಅನ್ನೋ ಹಾಡು, ಎರಡನೇ ಅಂಕದಲ್ಲಿ "ಅವನು ಇಂಗ್ಲಿಷಿನವನು" ಅಂತ ಬೋಸನ್ ಒಬ್ಬನೇ ಎತ್ತೋ ಹಾಡು. ಹೌದು, ಅದನ್ನ ಎತ್ತೋಕೆ ದಾವಣಗೆರೆ ಕಡೆಯ ನಾನು.

ಮೊದಲು ಸಂಗೀತದ ವಿಷ್ಯ ಹೇಳ್ತೀನಿ, ಕಷ್ಟ ಇದ್ದಿದ್ದೇ ಅಲ್ಲಿ. ಚಿಕ್ಕವನಿದ್ದಾಗ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೆ, ಅಲ್ಲಿ ಎಷ್ಟು ಜನ ಹಾಡಿದ್ರೂ ರಾಗ ಒಂದೇ ದಾರೀಲಿ ಹೋಗುತ್ತೆ. ಇಲ್ಲಿ ಮೂವರಿಗೆ ಮೂರು ದಾರಿ, ಮೇಲೆ ಟೆನರ್ ಅನ್ನೋ ಎತ್ತರದ ಗಂಡು ದನಿ, ಕೆಳಗೆ ಬೇಸ್ ಅನ್ನೋ ತಗ್ಗಿನ ದನಿ, ಮಧ್ಯದಲ್ಲಿ ನಾನು, ಕೇಳೋರ ಕಿವಿಗೆ ಬೀಳೋ ಟ್ಯೂನ್ ಬಹಳ ಕಡೆ ನಂದಲ್ಲ. ಟೆನರ್ ಬಾಯಿ ತೆಗೆದ್ರೆ ನನ್ನ ಗಂಟಲು ತಾನಾಗೇ ಅವನ ಹಿಂದೆ ಓಡೋದು. ನಾನು ಮಾಡಿದ್ದು ಇಷ್ಟು: ಪಿಯಾನೋ ನುಡಿಸೋ ಮೇಷ್ಟ್ರ ಹತ್ರ ನನ್ನ ಲೈನ್ ಬೇರೆ, ಟೆನರ್ ಲೈನ್ ಬೇರೆ ಫೋನಲ್ಲಿ ರೆಕಾರ್ಡ್ ಮಾಡಿಸ್ಕೊಂಡೆ. ನನ್ನ ಲೈನಿನ ಸ್ವರಗಳ ಕೆಳಗೆ ಪೆನ್ಸಿಲ್‌ನಲ್ಲಿ ಸರಿಗಮ ಬರ್ಕೊಂಡೆ. ಬಾಯಿಗೆ ಬಂದ ಮೇಲೆ ಅದನ್ನ ಕೇಳೋದು ಬಿಟ್ಟು ಒಂದು ಕಿವಿಗೆ ಟೆನರ್ ಲೈನ್ ಹಾಕ್ಕೊಂಡು ಟ್ರೇನಲ್ಲಿ ನಂದು ಗುನುಗೋದು. ಪಕ್ಕದ ಸೀಟಿನೋರು ಎದ್ದು ಹೋಗ್ತಾರೆ, ಹೋಗ್ಲಿ ಬಿಡಿ. ಇನ್ನೊಂದು ಉಪಾಯ ಏನಂದ್ರೆ, ನಾನು ಎತ್ತಬೇಕಾದ ಸ್ವರ ಅದಕ್ಕೂ ಸ್ವಲ್ಪ ಮುಂಚೆ ಬೇರೆ ಯಾರ ಬಾಯಲ್ಲಿ ಬರುತ್ತೆ ಅಂತ ಹುಡುಕಿ ಸ್ಕೋರಲ್ಲಿ, ಅಂದ್ರೆ ಸ್ವರ ಬರೆದಿರೋ ಪುಸ್ತಕದಲ್ಲಿ, ಸುತ್ತು ಹಾಕಿಟ್ಕೊಳ್ಳೋದು, ಅವರಿಂದ ಕಿವಿಗೆ ತಗೊಂಡು ಹಾಡ್ಬಿಟ್ರೆ ಶ್ರುತಿ ಹುಡುಕೋ ತಾಪತ್ರಯ ಇಲ್ಲ.

ಉಚ್ಚಾರಣೆ ಬಗ್ಗೆ ನನಗೆ ಭಯ ಇತ್ತು. ನಮ್ಮೋರು ಬಸ್ಸು ಕಾರು ಅಂತ ಪ್ರತಿ ಪದದ ಕೊನೇಲೂ ಒಂದು ಉಕಾರ ಅಂಟಿಸ್ತೀವಲ್ಲ, ಅದನ್ನ ಕಿತ್ತು ಹಾಕ್ತಾರೆ ಅಂದ್ಕೊಂಡಿದ್ದೆ. ಆದ್ರೆ ಡೈರೆಕ್ಟರಮ್ಮ ಇಡೀ ಕೋರಸ್ಸಿಗೇ ಹೇಳಿದ್ದು ಅದಕ್ಕೆ ಉಲ್ಟಾ: "ಕೊನೇ ವ್ಯಂಜನ ಹಿಂದಿನ ಸಾಲಿಗೆ ಕೇಳಿಸ್ತಿಲ್ಲ, ಅದರ ಹಿಂದೆ ಸಣ್ಣ ಸ್ವರ ಒಂದು ಸೇರಿಸಿ." ಇಲ್ಲೇ ಹುಟ್ಟಿ ಬೆಳೆದೋರು ಒದ್ದಾಡ್ತಿದ್ರು, ನನಗೆ ಅದು ಅಮ್ಮನ ಮನೆ ಭಾಷೆ. ನಾನು ನಿಜವಾಗಿ ತಿದ್ಕೋಬೇಕಾಗಿದ್ದು ವ ಒಂದೇ. ಇಂಗ್ಲಿಷಿನವರ ಎರಡು ಥರದ ವ ನಮಗೆ ಒಂದೇ ಅಲ್ವಾ, ಕನ್ನಡಿ ಮುಂದೆ ನಿಂತು ತುಟಿ ದುಂಡಗೆ ಮಾಡೋದು, ಕೆಳತುಟಿ ಹಲ್ಲಿಗೆ ತಾಗಿಸೋದು, ಇಷ್ಟೇ ಅಭ್ಯಾಸ.

ಇನ್ನು ಅಭಿನಯ. ಗಿಲ್ಬರ್ಟ್ ತನ್ನ ನಟರಿಗೆ ಹಾಕಿದ್ದ ನಿಯಮ ಏನಂದ್ರೆ ಎಷ್ಟೇ ಅಸಂಬದ್ಧ ಮಾತಾದ್ರೂ ಅದೇ ಪರಮಸತ್ಯ ಅನ್ನೋ ಥರ ಹೇಳಬೇಕು, ನಗಿಸೋಕೆ ಹೋಗಬಾರದು. ಕೇಳೋಕೆ ಸುಲಭ. ಆ ಮೂವರು ನಾವಿಕರ ಹಾಡಲ್ಲಿ ನಾವಿಕನಾದವನ ಮೂಗು ಹೀಗೆ ಅರಳಬೇಕು, ತುಟಿ ಹಾಗೆ ಕೊಂಕಬೇಕು, ಹುಬ್ಬು ಗಂಟಾಗಬೇಕು, ಮುಷ್ಟಿ ಯಾವಾಗ್ಲೂ ಗುದ್ದೋಕೆ ರೆಡಿ ಇರಬೇಕು ಅಂತ ಪಟ್ಟಿ ಬರುತ್ತೆ, ಕೊನೇಲಿ "ಇದೇ ಅವನ ನಿತ್ಯದ ಭಂಗಿ" ಅಂತ ಹೇಳಿ ಎಲ್ರೂ ಆ ಭಂಗೀಲಿ ನಿಲ್ಲಬೇಕು. ಒಂದೊಂದು ಸಾಲಿಗೆ ಒಂದೊಂದು ಅಂಗ ಜೋಡಿಸ್ಕೊಂಡು ಹೋಗಿ ಕೊನೇ ಸಾಲಿನ ಹೊತ್ತಿಗೆ ಮುಖ ಗಂಟು, ಎದೆ ಮುಂದೆ, ಕಾಲು ಅಗಲ, ಮುಷ್ಟಿ ಮೇಲೆ. ಹೀಗೆ ನಿಂತ್ಕೊಂಡು ಉಸಿರು ಕಟ್ಟದೆ ಕೊನೇ ಸ್ವರ ಹಿಡಿಯೋದು ಹೇಗೆ? ಎದೆ ಮುಂದೆ ತಳ್ಳೋದನ್ನ ನಟನೆ ಅಂದ್ಕೋಬೇಡಿ, ಅದನ್ನೇ ಉಸಿರು ತಗೊಳ್ಳೋ ಜಾಗ ಮಾಡ್ಕೊಳ್ಳಿ. ನನಗೆ ಕೆಲಸ ಮಾಡಿದ್ದು ಅದೇ.

ಈಗ ಆ ಇಂಗ್ಲಿಷಿನವನ ಹಾಡು. ಅದರ ತಮಾಷೆ ಏನಪ್ಪಾ ಅಂದ್ರೆ, ರಷ್ಯಾದವನೋ ಫ್ರಾನ್ಸಿನವನೋ ತುರ್ಕಿಯವನೋ ಆಗೋ ಆಸೆಗಳನ್ನೆಲ್ಲ ಗೆದ್ದು ಈತ ಇಂಗ್ಲಿಷಿನವನಾಗೇ ಉಳಿದುಬಿಟ್ಟಿದ್ದಾನೆ ಅಂತ ದೇಶಭಕ್ತಿ ಗೀತೆ ಥರ ಹೊಗಳೋದು, ಹುಟ್ಟೋದೇನೋ ಅರ್ಜಿ ಹಾಕಿ ಪಡ್ಕೊಂಡ ಹಾಗೆ. ಕೊನೇಲಿ ಇಂಗ್ಲಿಷ್‌ಮ್ಯಾನ್ ಅನ್ನೋದರ ಮೊದಲನೇ ಅಕ್ಷರಾನ ಎಳೆದೂ ಎಳೆದೂ ಹಾಡ್ಬೇಕು. ನಾನು ಮುಂದೆ ಬಂದು ನಿಂತ್ರೆ ಸಾಕು, ಬಾಯಿ ತೆಗೆಯೋಕೆ ಮುಂಚೆನೇ ಹಾಲ್‌ನಲ್ಲಿ ಕಿಸಕ್ ಅನ್ನೋ ಸದ್ದು. ಡೈರೆಕ್ಟರಮ್ಮ ಮೊದಲೇ ಹೇಳಿದ್ರು, ಕಣ್ಣು ಹೊಡೀಬೇಡ, "ನೋಡಿ ನಾನು ಇಂಡಿಯನ್ನು" ಅನ್ನೋ ಮುಖ ಮಾಡ್ಬೇಡ, ಟೋಪಿ ತೆಗೆದು ಎದೆ ಮೇಲಿಟ್ಕೊಂಡು ಕಣ್ಣಲ್ಲಿ ನೀರು ಬರೋ ಥರ ಹಾಡು ಅಂತ. ಹಾಗೇ ಹಾಡ್ದೆ. ನಾನು ಗಂಭೀರ ಆದಷ್ಟೂ ಅವರು ನಗ್ತಿದ್ರು.

ಹಳೇ ಕಾಲದಲ್ಲಿ ಇದನ್ನ ಇಲ್ಲಿ ಹೇಗೆ ಆಡ್ತಿದ್ರು ಅಂತ ಕುತೂಹಲ ಹತ್ತಿ ಟ್ರೋವ್‌ನಲ್ಲಿ, ಅಂದ್ರೆ ಆಸ್ಟ್ರೇಲಿಯಾ ನ್ಯಾಷನಲ್ ಲೈಬ್ರರಿ ಹಳೇ ಪೇಪರ್‌ಗಳನ್ನ ಫ್ರೀಯಾಗಿ ಇಟ್ಟಿರೋ ಕಡೆ, ಹುಡುಕ್ತಾ ಕೂತೆ. ರಾತ್ರಿ ನಿದ್ದೆ ಕೆಡಿಸೋ ಜಾಗ ಅದು. ಪಿನಾಫೋರ್ ಲಂಡನ್‌ನಲ್ಲಿ ಶುರುವಾಗಿದ್ದು 1878ರ ಮೇನಲ್ಲಿ. ಜೆ. ಸಿ. ವಿಲಿಯಮ್ಸನ್ ಅನ್ನೋ ಅಮೆರಿಕದ ನಟ ಇಲ್ಲಿನ ಹಕ್ಕು ಕೊಂಡ್ಕೊಂಡು 1879ರ ನವೆಂಬರ್‌ನಲ್ಲಿ ಸಿಡ್ನಿಯ ಥಿಯೇಟರ್ ರಾಯಲ್‌ನಲ್ಲಿ ಆಡಿಸಿದ, ತಾನೇ ಮಂತ್ರಿ ಸರ್ ಜೋಸೆಫ್ ಪಾತ್ರ, ಹೆಂಡತಿ ಮ್ಯಾಗಿ ಮೂರ್ ನಾಯಕಿ ಜೋಸೆಫಿನ್. ಅದಕ್ಕೂ ಮುಂಚೆನೇ ಹಕ್ಕಿಲ್ಲದೆ ಆಡ್ತಿದ್ದೋರ ಜೊತೆ ಜಗಳನೂ ಆಯ್ತು. ಅಮೆರಿಕದಲ್ಲಂತೂ ಕಾನೂನಿನ ರಕ್ಷಣೆನೇ ಇರಲಿಲ್ಲ, ಸಿಕ್ಕಸಿಕ್ಕೋರು ಆಡಿದ್ರು, ಆ ಸಿಟ್ಟಿಗೇ ಮುಂದಿನ ನಾಟಕ ಪೈರೇಟ್ಸ್ ಆಫ್ ಪೆನ್ಜಾನ್ಸ್‌ನ ಗಿಲ್ಬರ್ಟ್-ಸಲ್ಲಿವನ್ ನ್ಯೂಯಾರ್ಕ್‌ನಲ್ಲೇ ಶುರು ಮಾಡಿದ್ದು. ನಮ್ಮ ಗುಬ್ಬಿ ಕಂಪನಿ ಹುಟ್ಟಿದ 1884ರ ಹೊತ್ತಿಗೆ ವಿಲಿಯಮ್ಸನ್ ಈ ದೇಶದಲ್ಲಿ ದೊಡ್ಡ ನಾಟಕದ ಧಣಿ ಆಗಿದ್ದ.

ಸಮುದ್ರಕ್ಕೇ ಇಳಿಯದೆ ನೌಕಾಪಡೆಯ ಮಂತ್ರಿಯಾದ ಸರ್ ಜೋಸೆಫ್ ಪಾತ್ರ ಲಂಡನ್‌ನಲ್ಲಿ ಪುಸ್ತಕದಂಗಡಿ ಮನೆತನದ ಡಬ್ಲ್ಯೂ. ಎಚ್. ಸ್ಮಿತ್‌ನ ಗೇಲಿ ಅಂತ ಎಲ್ರಿಗೂ ಗೊತ್ತಿತ್ತು. ಸಿಡ್ನಿಯೋರಿಗೆ ಅದು ಇನ್ನೂ ರುಚಿಸಿರಬೇಕು ಅಂತ ನನ್ನ ಅನಿಸಿಕೆ, ಅಷ್ಟು ದೂರದಿಂದ ಹಡಗಲ್ಲಿ ಬಂದಿಳಿದು ದರ್ಬಾರು ಮಾಡೋ ಸಾಹೇಬರು ಅವರಿಗೆ ಹೊಸಬರಲ್ಲ.

ಎಲ್ಲಾ ನಗುವಿನ ಕತೆ ಅಲ್ಲ ಮತ್ತೆ. ಟಾಸ್ಮೇನಿಯಾದ ಪೊಲಾರ್ಡ್ ಮನೆತನ ಮಕ್ಕಳ ಕೈಲೇ ಈ ಒಪೆರಾಗಳನ್ನ ಆಡಿಸಿ ಊರೂರು, ದೇಶದೇಶ ಸುತ್ತಿಸ್ತಿತ್ತು. ಆ ಹೆಸರಿನ ಮಕ್ಕಳ ತಂಡ ಒಂದು ಇಂಡಿಯಾ ಪ್ರವಾಸ ಬಂದಾಗ, 1910ರಲ್ಲಿ, ಮ್ಯಾನೇಜರ್ ಹೊಡೀತಾನೆ, ಹಸಿವಲ್ಲಿಡ್ತಾನೆ ಅಂತ ಮಕ್ಕಳು ಮದ್ರಾಸ್‌ನಲ್ಲಿ ತಿರುಗಿಬಿದ್ದು ವಿಷ್ಯ ಕೋರ್ಟಿಗೆ ಹೋಯ್ತು. ಅದೇ ವರ್ಷ ಆಸ್ಟ್ರೇಲಿಯಾ ಸರ್ಕಾರ ಮಕ್ಕಳನ್ನ ಹೀಗೆ ಹೊರದೇಶಕ್ಕೆ ಕರ್ಕೊಂಡು ಹೋಗೋದಕ್ಕೆ ಕಡಿವಾಣ ಹಾಕೋ ಕಾಯ್ದೆ ತಂತು. ಇದನ್ನ ಓದಿದ ಮೇಲೆ "ಅಯ್ಯೋ ಎಷ್ಟು ಮುದ್ದಾದ ಹಳೇ ನಾಟಕ" ಅಂತ ಯಾರಾದ್ರೂ ಅಂದ್ರೆ ನನಗೆ ಸ್ವಲ್ಪ ಇರಿಸುಮುರಿಸು.

ನಮ್ಮ ತಂಡದಲ್ಲಿ ಮಿಕಾಡೊ, ಅಂದ್ರೆ ಜಪಾನ್‌ನಲ್ಲಿ ನಡೆಯೋ ಅವರದೇ ಇನ್ನೊಂದು ನಾಟಕ, ಮಾಡೋಣ ಅನ್ನೋ ಮಾತು ಆಗಾಗ ಏಳುತ್ತೆ. ಮೆಲ್ಬರ್ನ್‌ನ ಪ್ರಿನ್ಸೆಸ್ ಥಿಯೇಟರ್ ಈಗಿನ ರೂಪದಲ್ಲಿ 1886ರಲ್ಲಿ ಬಾಗಿಲು ತೆಗೆದಿದ್ದೇ ಮಿಕಾಡೊ ಇಂದ, ಸಂಗೀತನೂ ಸೊಗಸು. ಆದ್ರೆ ಮುಖಕ್ಕೆ ಬಣ್ಣ ಬಳ್ಕೊಂಡು ಜಪಾನಿಯರ ಥರ ಕಣ್ಣು ಎಳ್ಕೊಳ್ಳೋದಾದ್ರೆ ನಾನಿಲ್ಲ ಅಂತ ಹೇಳಿದ್ದೀನಿ. ವೇಷ ಬದಲಾಯಿಸಿ ಇಂಗ್ಲೆಂಡಿನ ಹೋಟೆಲಲ್ಲಿ ನಡೆಯೋ ಥರ ಮಾಡಿದ್ರೆ ಸರಿ, ಅಸಲಿಗೆ ಆ ನಾಟಕ ಬೈತಿರೋದು ಇಂಗ್ಲಿಷ್ ಅಧಿಕಾರಿಗಳನ್ನೇ.

ಬೆಂಗಳೂರಲ್ಲಿ ಕ್ವಾಯರ್‌ನಲ್ಲಿ ಹಾಡೋ ಇಬ್ಬರು ಗೆಳೆಯರು ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ರು. ಪಿನಾಫೋರ್ ಬೇಡ, ಅವರದೇ ಟ್ರಯಲ್ ಬೈ ಜ್ಯೂರಿ ಅನ್ನೋ ಪುಟ್ಟ ನಾಟಕ ತಗೊಳ್ಳಿ ಅಂದೆ. ಒಂದೇ ಅಂಕ, ಮುಕ್ಕಾಲು ಗಂಟೆ ಒಳಗೆ ಮುಗಿಯುತ್ತೆ, ಮಾತೇ ಇಲ್ಲ ಎಲ್ಲಾ ಹಾಡೇ, ಸೆಟ್ ಅಂದ್ರೆ ಒಂದು ಕೋರ್ಟು. ಗಿಲ್ಬರ್ಟ್ ತೀರ್ಕೊಂಡಿದ್ದು 1911ರಲ್ಲಿ, ಸಲ್ಲಿವನ್ ಅದಕ್ಕೂ ಮುಂಚೆ, ಹಾಗಾಗಿ ಹಕ್ಕಿನ ದುಡ್ಡು ಯಾರಿಗೂ ಕೊಡೋ ಹಾಗಿಲ್ಲ, ಸ್ಕೋರ್ ಇಂಟರ್ನೆಟ್‌ನಲ್ಲಿ ಫ್ರೀ. ಪಿಯಾನೋ ನುಡಿಸೋರು ಒಬ್ಬರನ್ನ ಮೊದಲು ಹಿಡ್ಕೊಳ್ಳಿ, ಟೆನರ್‌ಗಳನ್ನ ಆಮೇಲೆ ಹುಡುಕಿ, ಟೆನರ್ ಎಲ್ಲಾ ಊರಲ್ಲೂ ಬರಗಾಲನೇ.