ಆಷಾಢದಲ್ಲಿ ಜಿಮ್ ಹುಡುಕಿದ್ದು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಜಿಮ್ ಸೇರಿದ್ದು ಜನವರಿಯಲ್ಲಿ, ಬಿಟ್ಟದ್ದು ಅದೇ ವರ್ಷದ ಜೂನ್ ಕೊನೆಯಲ್ಲಿ. ರಿಯಾಯಿತಿಯ ಆಸೆಗೆ ಬಿದ್ದು ಇಡೀ ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿದ್ದೆ. ಎ.ಸಿ. ಇತ್ತು, ಟ್ರೆಡ್‌ಮಿಲ್‌ಗಳು ಸಾಲಾಗಿ ಹೊಳೆಯುತ್ತಿದ್ದವು. ಆದರೆ ಅದು ಶಿವಮೊಗ್ಗದ ವಿನೋಬನಗರದಲ್ಲಿರುವ ನನ್ನ ಮನೆಗೆ ಊರಿನ ಇನ್ನೊಂದು ತುದಿ. ಬೇಸಿಗೆಯಲ್ಲಿ ಸ್ಕೂಟರಿನಲ್ಲಿ ಕಾಲು ಗಂಟೆಯಾಗುತ್ತಿದ್ದ ದಾರಿ, ಮಳೆ ಹಿಡಿದ ಮೇಲೆ ರೇನ್‌ಕೋಟ್ ತೊಟ್ಟು, ಕಳಚಿ, ಒದ್ದೆ ಬಟ್ಟೆಯಲ್ಲೇ ವ್ಯಾಯಾಮ ಮಾಡಿ ಮತ್ತೆ ನೆನೆದು ಬರುವ ಶಿಕ್ಷೆಯಾಯಿತು. ಹಣ ವಾಪಸು ಕೇಳಿದಾಗ ರಸೀದಿಯ ಹಿಂಬದಿಯ ಸಣ್ಣಕ್ಷರಗಳನ್ನು ತೋರಿಸಿದರು.

ಮರುವರ್ಷ ಬೇಕೆಂದೇ ಆಷಾಢದಲ್ಲಿ ಹುಡುಕಲು ಹೊರಟೆ. ಕೊಡೆ ಹಿಡಿದು ಹತ್ತು ನಿಮಿಷದಲ್ಲಿ ನಡೆದು ಸೇರಬಹುದಾದ ಮೂರು ಜಾಗಗಳನ್ನು ಮಾತ್ರ, ನಾನು ನಿತ್ಯ ಹೋಗಲಿರುವ ಸಂಜೆ ಆರೂವರೆಯ ಹೊತ್ತಿಗೇ ನೋಡಿದೆ. ಮಧ್ಯಾಹ್ನ ಖಾಲಿ ಕಾಣುವ ಜಿಮ್‌ನಲ್ಲಿ ಆ ಹೊತ್ತಿಗೆ ಹೆಗಲಲ್ಲಿ ಭಾರ ಹೊತ್ತು ಕೂತೇಳಲು ಇರುವ ಒಂದೇ ಸ್ಕ್ವಾಟ್ ರ‍್ಯಾಕ್‌ಗೆ ಐದು ಹುಡುಗರು ಕಾಯುತ್ತಿದ್ದರು. ಇನ್ನೊಂದರಲ್ಲಿ ರಾಡ್ ಹಿಡಿದು ಬಿಟ್ಟಾಗ ಅಂಗೈಗೆ ಕೆಂಪು ತುಕ್ಕು ಅಂಟಿತ್ತು. ಮೂಲೆಯ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಕಪ್ಪು ಬೂಷ್ಟು, ಅಟ್ಟದ ಹಳೆಯ ಕಂಬಳಿಯ ವಾಸನೆ. ಮಲೆನಾಡಿನ ತೇವದಲ್ಲಿ ಕಬ್ಬಿಣಕ್ಕೆ ತುಕ್ಕು ಬರುವುದು ಸಹಜ, ಆದರೆ ಒರೆಸಿ ಎಣ್ಣೆ ಹಚ್ಚುವವರು ಇದ್ದಾರೆಯೇ ಎಂಬುದು ಮಳೆಗಾಲದಲ್ಲೇ ತಿಳಿಯುತ್ತದೆ.

ನಾನು ಹೆಚ್ಚು ಹೊತ್ತು ನೋಡಿದ್ದು ತೂಕಗಳನ್ನು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡಿಗೆಯನ್ನು ನಾನು ಬೇರೆಡೆಯೂ ಮಾಡಿಕೊಳ್ಳಬಲ್ಲೆ, ತೂಕ ಎತ್ತಲು ಮಾತ್ರ ಜಿಮ್ ಬೇಕು. ಡಂಬೆಲ್‌ಗಳು 5 ಕಿಲೋದಿಂದ ನೇರವಾಗಿ 7.5ಕ್ಕೆ ಹಾರಿದರೆ ಭಾರ ಒಮ್ಮೆಲೇ ಅರ್ಧದಷ್ಟು ಹೆಚ್ಚಿದಂತೆ, ನನ್ನ ಭುಜಕ್ಕೆ ಅದು ಆಗದ ಮಾತು. ಒಲಿಂಪಿಕ್ ರಾಡ್ ಒಂದೇ 20 ಕಿಲೋ ತೂಗುತ್ತದೆ. ಹೊಸಬನಿಗೆ ಅದಕ್ಕಿಂತ ಹಗುರದ ರಾಡ್ ಬೇಕು, ಎರಡೂ ಬದಿಗೆ ಸಿಕ್ಕಿಸಿ ಸ್ವಲ್ಪ ಸ್ವಲ್ಪವೇ ಏರಿಸಲು 1.25 ಕಿಲೋದ ಪ್ಲೇಟುಗಳೂ ಬೇಕು. ಮೂರನೆಯ ಜಿಮ್‌ನಲ್ಲಿ ಎರಡೂ ಇದ್ದವು.

ಅಲ್ಲಿಯ ತರಬೇತುದಾರ ಪ್ರೋಟೀನ್ ಡಬ್ಬದ ಮಾತೆತ್ತಲಿಲ್ಲ. "ಸರ್, ಮಂಡಿ, ಸೊಂಟ ಏನಾದ್ರೂ ನೋವಿದೆಯಾ? ಬಿ.ಪಿ. ಮಾತ್ರೆ ತಗೋತೀರಾ?" ಎಂದು ಮೊದಲು ಕೇಳಿ, ಬಳಿಕ ಬೆಂಚಿನ ಮೇಲೆ ಕೂತು ಏಳಲು ಹೇಳಿ ಪಕ್ಕದಿಂದ ನನ್ನ ಮಂಡಿಗಳನ್ನೇ ಗಮನಿಸಿದ. ಎರಡು ದಿನ ಸುಮ್ಮನೆ ಬಂದು ನೋಡಲೂ ಒಪ್ಪಿದ. ಎ.ಸಿ. ಇಲ್ಲ, ಹಾಡು ಮಾತ್ರ ಕಿವಿ ಗಡಚಿಕ್ಕುವಂತೆ ಹಾಕುತ್ತಾರೆ. ಅದಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡೆ. ವರ್ಷದ ರಿಯಾಯಿತಿಯನ್ನು ಅವರೂ ಮುಂದಿಟ್ಟರು. ನಾನು ಒಂದು ತಿಂಗಳಿಗಷ್ಟೇ ಕಟ್ಟಿ, ರಸೀದಿಯ ಹಿಂಬದಿಯನ್ನು ಅಲ್ಲೇ ನಿಂತು ಓದಿದೆ.